ಹರಾಜು ತಾಣದಲ್ಲಿ ಆಫರ್ ಕಳಿಸುವುದು ಹೇಗೆ?

‘ನೋಡು, ಆಫರ್ ಕಳಿಸಿ ಅರೆಗಳಿಗೆ ಆಗಿಲ್ಲ, ಬೇಡ ಅಂದುಬಿಟ್ಟ ಪುಣ್ಯಾತ್ಮ.’ ಹಳೆ ನಾಣ್ಯ, ಸ್ಟಾಂಪು ಕೂಡಿಡುವ ಗೆಳೆಯರು ಹೀಗೆ ಹೇಳಿ ಸ್ಕ್ರೀನ್‌ಶಾಟ್ ಕಳಿಸುತ್ತಿರುತ್ತಾರೆ. ಆಫರ್ ಅಂದರೆ, ಮಾರುವವರು ಕೇಳಿದ ಬೆಲೆಗೆ ಬದಲು ‘ಇಷ್ಟಕ್ಕೆ ಕೊಡ್ತೀರಾ’ ಅಂತ ನಾವು ಹೇಳುವ ಬೆಲೆ. ನೋಡಿದರೆ 100 ಕೇಳಿದ ವಸ್ತುವಿಗೆ 35 ಹಾಕಿರುತ್ತಾರೆ. ಅದನ್ನು ಮಾರುವವರು ಓದಿಯೂ ಇರುವುದಿಲ್ಲ. ಈಬೇಯಂಥ ತಾಣಗಳಲ್ಲಿ, ಇಷ್ಟಕ್ಕಿಂತ ಕಡಿಮೆ ಬಂದರೆ ತಾನಾಗಿ ವಾಪಸ್ ಕಳಿಸು ಅಂತ ಅವರು ಮೊದಲೇ ಹೇಳಿಟ್ಟಿರಬಹುದು.

ಮೊದಲು, ವಸ್ತುವಿನ ಲಿಸ್ಟಿಂಗ್, ಅಂದರೆ ಮಾರಾಟದ ಪ್ರಕಟಣೆ, ನಿಗದಿತ ಬೆಲೆಯದ್ದೋ ಹರಾಜಿನದ್ದೋ ನೋಡಿ. ಹರಾಜಿನಲ್ಲಿ ಆಫರ್ ಬಟನ್ ಇದ್ದರೂ ಮೊದಲ ಬಿಡ್ ಬಿದ್ದ ಕೂಡಲೇ ಸಾಮಾನ್ಯವಾಗಿ ಅದು ಮಾಯ. ಹಾಗಾಗಿ ಬೇಗ ಕಳಿಸಿ, ಇಲ್ಲವೇ ಬಿಡ್ ಮಾಡಿ. ‘ತಾಣದ ಹೊರಗೆ ದುಡ್ಡು ಹಾಕ್ತೀನಿ, ನನಗೇ ಕೊಡಿ’ ಅಂತ ಮಾತ್ರ ಕೇಳಬೇಡಿ. ಅದು ನಿಯಮಕ್ಕೆ ವಿರುದ್ಧ. ವಸ್ತು ಬಾರದಿದ್ದರೆ ನಿಮ್ಮ ಹಣಕ್ಕೆ ಕಾವಲೂ ಇರುವುದಿಲ್ಲ.

ಎರಡನೆಯದು, ನಿಜವಾದ ಬೆಲೆ ಹುಡುಕುವುದು. ಎಲ್ಲರೂ ಎಡವುವುದು ಇಲ್ಲೇ. ಹುಡುಕಿದಾಗ ಕಾಣುವುದು ಜನ ಕೇಳುತ್ತಿರುವ ಬೆಲೆ. ಕೇಳುವುದಕ್ಕೇನು, ಯಾರು ಎಷ್ಟು ಬೇಕಾದರೂ ಕೇಳಬಹುದು. ನಿಮಗೆ ಬೇಕಾದದ್ದು ಮಾರಾಟವಾದ ಬೆಲೆ, ಅದಕ್ಕೆ ಬೇರೆಯೇ ಫಿಲ್ಟರ್ ಇದೆ. ಅಲ್ಲಿ ಬೆಲೆಯ ಮೇಲೆ ಗೀಟು ಎಳೆದಿದ್ದರೆ ಅದು ಆಫರ್‌ಗೆ ಹೋಗಿದೆ ಅಂತ ಅರ್ಥ. ಕೈಬದಲಾದ ಮೊತ್ತ ಇನ್ನೂ ಕಡಿಮೆ, ಅದನ್ನು ತಾಣ ಸಾಮಾನ್ಯವಾಗಿ ಅಲ್ಲಿ ತೋರಿಸುವುದಿಲ್ಲ. ಐದಾರು ಮಾರಾಟ ನೋಡಿ, ತೀರಾ ಮೇಲಿನದು ತೀರಾ ಕೆಳಗಿನದು ಬಿಟ್ಟು ನಡುವಿನ ಬೆಲೆ ಬರೆದುಕೊಳ್ಳಿ.

ಆದರೆ ಹೋಲಿಸುವಾಗ ವಸ್ತುವಿನ ಸ್ಥಿತಿಯೂ ಒಂದೇ ಆಗಿರಬೇಕು. ನಾಣ್ಯಗಳಿಗೆ 1ರಿಂದ 70ರವರೆಗೆ ಗ್ರೇಡ್ ಕೊಡುತ್ತಾರೆ. 64 ಮತ್ತು 65ರ ನಡುವೆ ಕಣ್ಣಿಗೆ ವ್ಯತ್ಯಾಸವೇ ಕಾಣದಿರಬಹುದು, ಬೆಲೆಯಲ್ಲಿ ಮಾತ್ರ ಚೆನ್ನಾಗಿಯೇ ಕಾಣುತ್ತದೆ. ಫೋಟೊ ದೊಡ್ಡದು ಮಾಡಿ ನೋಡಿ. ಹಳೆ ನಾಣ್ಯ ಹೊಸ ಪಾತ್ರೆಯ ಹಾಗೆ ಫಳಫಳ ಅಂತಿದ್ದು, ಒಂದೇ ದಿಕ್ಕಿಗೆ ಕೂದಲೆಳೆಯಂಥ ಗೀರುಗಳಿದ್ದರೆ ಯಾರೋ ಉಜ್ಜಿದ್ದಾರೆ. ಉಜ್ಜಿದ ನಾಣ್ಯದ ಬೆಲೆ ಬಿದ್ದುಹೋಗುತ್ತದೆ. ಬಳಸದ ಸ್ಟಾಂಪ್ ಆದರೆ ಹಿಂಬದಿಯ ಫೋಟೊ ಕೇಳಿ, ಅಂಟಿನ ಮೇಲೆ ಹಿಂಜ್ (ಸ್ಟಾಂಪನ್ನು ಆಲ್ಬಮ್ಮಿಗೆ ಕೂರಿಸುವ ಪುಟ್ಟ ಕಾಗದದ ಪಟ್ಟಿ) ಅಂಟಿಸಿದ ಗುರುತು ಇದೆಯಾ ನೋಡಬೇಕು. ಹಳೆಯದೆಲ್ಲ ಅಪರೂಪ ಅನ್ನುವುದೂ ಸುಳ್ಳು. 1840ರ ಪೆನ್ನಿ ಬ್ಲ್ಯಾಕ್ ಜಗತ್ತಿನ ಮೊದಲ ಅಂಚೆ ಚೀಟಿ. ಅಚ್ಚಾದದ್ದು 6.8 ಕೋಟಿಗೂ ಜಾಸ್ತಿ! ಅಂಚು ಹರಿದದ್ದಕ್ಕೂ ಅಂದವಾಗಿ ಉಳಿದದ್ದಕ್ಕೂ ಬೆಲೆಯಲ್ಲಿ ಅಜಗಜಾಂತರ.

ಫೋಟೊ ಹೊಡೆದರೆ ಬೆಲೆ ಹೇಳುವ ಆ್ಯಪ್‌ಗಳಿವೆಯಲ್ಲ, ಅಳಿಸಿಹಾಕಿ. ಸ್ಟಾಂಪ್ ಕ್ಯಾಟಲಾಗಿನ ಬೆಲೆಯನ್ನೂ ನಂಬಬೇಡಿ, ಅದು ವ್ಯಾಪಾರಿ ಅಂಗಡಿಯಲ್ಲಿ ಹೇಳುವ ಬೆಲೆ. ಹರಾಜಿನಲ್ಲಿ ಸಾಮಾನ್ಯವಾಗಿ ಅದಕ್ಕಿಂತ ಎಷ್ಟೋ ಕಡಿಮೆಗೆ ಸಿಗುತ್ತದೆ.

ಈಗ ನಿಮ್ಮ ಮೊತ್ತ. ನಡುವಿನ ಬೆಲೆಯಿಂದ ಸಾಗಣೆ ಖರ್ಚು ಕಳೆಯಿರಿ, ಹೊರದೇಶದ್ದಾದರೆ ಸುಂಕವನ್ನೂ ಕಳೆಯಿರಿ. ಉಳಿದದ್ದು ನಿಮ್ಮ ಗರಿಷ್ಠ ಮಿತಿ. ಕಾಗದದ ಮೇಲೆ ಬರೆದಿಡಿ, ರಾತ್ರಿ ಹನ್ನೊಂದಕ್ಕೆ ಮನಸ್ಸು ಮೆತ್ತಗಾಗುತ್ತದೆ. ಕೇಳಿದ ಬೆಲೆ ನ್ಯಾಯವಾಗಿದ್ದರೆ ನಾನು ಅದರ 80–85%ಕ್ಕೆ ಶುರುಮಾಡುತ್ತೇನೆ, ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ. ಮಾರುಕಟ್ಟೆಯ ಎರಡು ಪಟ್ಟು ಕೇಳಿದ್ದರೆ ಚೌಕಾಸಿಯೇ ದಂಡ, ಮುಂದೆ ಹೋಗಿ. ನಿನ್ನೆ ಹಾಕಿದ ಲಿಸ್ಟಿಂಗ್ ಆದರೆ ಜಾಸ್ತಿ ಇಳಿಸಲು ಹೋಗಬೇಡಿ, ಆರು ತಿಂಗಳಿಂದ ಕೂತಿದ್ದರೆ ಧೈರ್ಯ ಮಾಡಿ. ಇನ್ನೊಂದು ಸುಳಿವು ಇದೆ. ಈಬೇಯ ಚೌಕಾಸಿಗಳನ್ನು ಜಾಲಾಡಿದ ಅರ್ಥಶಾಸ್ತ್ರಜ್ಞರ ಪ್ರಕಾರ, ನೂರರ ಪಟ್ಟುಗಳಲ್ಲಿ ದುಂಡಗೆ ಬೆಲೆ ಇಟ್ಟವರಿಗೆ ಬರುವ ಆಫರ್ 8–12% ಕಡಿಮೆ, ಆದರೆ ಅವರ ಸರಕು ಹೋಗುವ ಸಾಧ್ಯತೆ ಜಾಸ್ತಿ. ಅಂದರೆ 500 ಅಂತ ಹಾಕಿದವರು 487 ಅಂತ ಹಾಕಿದವರಿಗಿಂತ ಬಗ್ಗುತ್ತಾರೆ.

ಆಫರ್‌ಗೆ ಇಂತಿಷ್ಟೇ ಸಲ ಅಂತ ಮಿತಿ ಇರುತ್ತದೆ. 80, 82, 84 ಅಂತ ಏರುತ್ತಾ ಹೋದರೆ ಎದುರಿನವರು ಸುಮ್ನೆ ಕಾಯುತ್ತಾರೆ, ನೀವೇ ಏರುತ್ತಿದ್ದೀರಲ್ಲ! ಅವರ ಕೌಂಟರ್ ಆಫರ್, ಅಂದರೆ ಅವರು ತಿರುಗಿ ಹೇಳುವ ಬೆಲೆ, ನಿಮ್ಮ ಮಿತಿಯೊಳಗೆ ಬಂದರೆ ಒಪ್ಪಿಕೊಳ್ಳಿ.

ಜೊತೆಗಿನ ಸಂದೇಶ ಎರಡು ಸಾಲು ಸಾಕು: ‘ಇದೇ ಗ್ರೇಡಿನವು ಈಚೆಗೆ 80ರಿಂದ 90ಕ್ಕೆ ಹೋಗಿವೆ. ನನ್ನ ಆಫರ್ 84, ಒಪ್ಪಿದರೆ ಇವತ್ತೇ ಹಣ ಕಳಿಸುತ್ತೇನೆ.’ ಸಂಬಳ ಆಗಿಲ್ಲ ಅನ್ನುವ ಕತೆ ಬೇಡ. ಅವರ ವಸ್ತುವನ್ನು ಹಳಿಯುವುದೂ ಬೇಡ, ಅಷ್ಟು ಕೆಟ್ಟದಾಗಿದ್ದರೆ ನಿಮಗೆ ಯಾಕೆ ಬೇಕು?

ಬರೆಯಲು ಸೋಮಾರಿತನವಾದರೆ ವಾಚ್‌ಲಿಸ್ಟಿಗೆ, ಅಂದರೆ ತಾಣದಲ್ಲಿ ನೀವು ಕಣ್ಣಿಟ್ಟ ವಸ್ತುಗಳ ಪಟ್ಟಿಗೆ, ಹಾಕಿ ಬಿಡಿ. ಎಷ್ಟೋ ಸಲ ಮಾರುವವರೇ ಬೆಲೆ ಇಳಿಸಿ ಆಫರ್ ಕಳಿಸುತ್ತಾರೆ.

ಕಳಿಸುವ ಬಟನ್ ಒತ್ತುವ ಮೊದಲು ಕರೆನ್ಸಿ ಯಾವುದು, ಸೊನ್ನೆ ಎಷ್ಟು, ಎರಡೂ ನೋಡಿ. ಅವರು ಒಪ್ಪಿದರೆ ನೀವು ಕೊಂಡ ಹಾಗೆ. ಒಂದೇ ಥರದ ವಸ್ತುವಿಗೆ ಒಟ್ಟಿಗೇ ಹಲವರಿಗೆ ಆಫರ್ ಬೇಡ. ಒಂದೆರಡು ದಿನದಲ್ಲಿ ಅವಧಿ ಮುಗಿಯುತ್ತದೆ, ಕಾಯಿರಿ. ನಾನು ಒಮ್ಮೆ ಕಾಯದೆ, ಒಂದಾದರೂ ಸಿಗಲಿ ಅಂತ ಒಂದೇ ನಾಣ್ಯಕ್ಕೆ ಮೂವರಿಗೆ ಆಫರ್ ಕಳಿಸಿ ಮಲಗಿದೆ. ಬೆಳಿಗ್ಗೆ ಎದ್ದರೆ ಮೂವರೂ ಒಪ್ಪಿದ್ದರು. ಮೂರಕ್ಕೂ ಹಣ ಕಟ್ಟಿದೆ. ಒಂದು ಆಲ್ಬಮ್ಮಿನಲ್ಲಿದೆ, ಇನ್ನೆರಡು ಅವು ಬಂದ ಲಕೋಟೆಯಲ್ಲೇ ಇವೆ.