ತೆಳ್ಳಗಿದ್ದರೂ ಕಣ್ಣು ತೋರಿಸಿ: ನನ್ನ ಅನುಭವ

ಮಂಡ್ಯದಲ್ಲಿ ಕಣ್ಣಿನ ಪರೀಕ್ಷೆ ಮಾಡುವುದು ನನ್ನ ಕೆಲಸ. ಶುಗರ್ ಇರುವವರ ರೆಟಿನಾ, ಅಂದರೆ ಕಣ್ಣಿನೊಳಗಿನ ಪರದೆಯ ಫೋಟೋ ತೆಗೆಯುತ್ತೇನೆ. ಹಳ್ಳಿಗಳಿಂದ ಬರುವವರಲ್ಲಿ ಗದ್ದೆ ಕೆಲಸ ಮಾಡಿ ತೆಳ್ಳಗೆ, ಗಟ್ಟಿಯಾಗಿರುವವರು ತುಂಬಾ ಜನ. "ನಾನೇನ್ ದಪ್ಪ ಇದ್ದೀನವ್ವಾ? ಕಣ್ಣಿಗ್ಯಾಕ್ ಬತ್ತದೆ?" ಅಂತಾರೆ.

ಅದಕ್ಕೇ ನಾನು ತೂಕದಿಂದ ಶುರು ಮಾಡುವುದಿಲ್ಲ. "ಶುಗರ್ ಬಂದು ಎಷ್ಟು ವರ್ಷ ಆಯ್ತು ಯಜಮಾನ್ರೇ?" ಅನ್ನುವುದೇ ಮೊದಲ ಪ್ರಶ್ನೆ. ಆಮೇಲೆ ಮೂರು ತಿಂಗಳ ಸರಾಸರಿ ಶುಗರ್, ಬಿಪಿ, ಕಿಡ್ನಿ ರಿಪೋರ್ಟ್. ಕಣ್ಣಿನ ಸಣ್ಣ ರಕ್ತನಾಳಗಳ ಗತಿ ಹೆಚ್ಚಾಗಿ ಇವುಗಳಿಂದಲೇ ಗೊತ್ತಾಗುತ್ತದೆ.

ಹಾಗಂತ ತೂಕ ಲೆಕ್ಕಕ್ಕಿಲ್ಲ ಅಂತಲ್ಲ. ಮೈ ಬಂದರೆ ಶುಗರ್, ಬಿಪಿ ಎರಡೂ ಹತೋಟಿಗೆ ಬರುವುದು ಕಷ್ಟ. ನಮ್ಮವರಿಗೆ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟಿದೆ ಅನ್ನುವ ಅಳತೆ, 23 ದಾಟಿದರೇ ತೂಕ ಜಾಸ್ತಿ ಅಂತ ಲೆಕ್ಕ. ಆದರೆ ಏನೂ ಪ್ರಯತ್ನ ಮಾಡದೆ ಸುಮ್ನೆ ಸಣ್ಣಗಾಗುತ್ತಿದ್ದರೆ ನನಗೆ ಇನ್ನೂ ಹೆಚ್ಚು ಚಿಂತೆ. ಶುಗರ್ ಏರಿದಾಗ ಅದು ಮೈಗೆ ಹತ್ತದೆ ಮೂತ್ರದಲ್ಲಿ ಹೋಗುತ್ತದೆ, ಕೊಬ್ಬು, ಮಾಂಸ ಕರಗುತ್ತವೆ.

ಮದ್ದೂರು ಕಡೆಯ ಹಿರಿಯರೊಬ್ಬರು ಹಾಗೇ ಬಂದಿದ್ದರು. ಕಡ್ಡಿಯಂಥ ಮೈ. ಪೇಪರಿನ ಸಣ್ಣ ಅಕ್ಷರ ಕನ್ನಡಕ ಹಾಕಿಕೊಂಡು ಸಲೀಸಾಗಿ ಓದಿದರು. ಡ್ರಾಪ್ಸ್ ಹಾಕಿ, ಪಾಪೆ ಅಗಲವಾದ ಮೇಲೆ ಫೋಟೋ ತೆಗೆದೆ. ಪರದೆ ತುಂಬಾ ಸಣ್ಣ ಕೆಂಪು ಚುಕ್ಕೆ, ನಟ್ಟನಡುವಿನ ಹತ್ತಿರವೇ ಹಳದಿ ಕಲೆಗಳು. ಸ್ಕ್ರೀನ್ ತಿರುಗಿಸಿ ಅವರಿಗೇ ತೋರಿಸಿದೆ. "ನೋವೇ ಇಲ್ವಲ್ಲವ್ವಾ" ಅಂದರು. ಇದರ ಕಷ್ಟವೇ ಅದು. ಮಂಜು ಕಾಣುವ ಹೊತ್ತಿಗೆ ಕಾಯಿಲೆ ಬಹಳ ಮುಂದೆ ಹೋಗಿರಬಹುದು. ಅವರನ್ನು ಮೈಸೂರಿನ ರೆಟಿನಾ ಡಾಕ್ಟರ ಹತ್ತಿರ ಕಳಿಸಿದೆ. ಲೇಸರ್ ಬೇಕೋ, ಕಣ್ಣಿಗೆ ಇಂಜೆಕ್ಷನ್ ಬೇಕೋ ಅವರೇ ನೋಡಿ ಹೇಳಬೇಕು.

ಈಗ ಶುಗರ್, ತೂಕ ಎರಡನ್ನೂ ಇಳಿಸುವ ಸೆಮಾಗ್ಲುಟೈಡ್ ಇಂಜೆಕ್ಷನ್ ಬಗ್ಗೆಯೂ ಕೇಳುತ್ತಾರೆ. ಕಣ್ಣಿನ ತೊಂದರೆ ಮೊದಲೇ ಇದ್ದು, ಏರಿದ್ದ ಶುಗರ್ ಬೇಗನೆ ಇಳಿದರೆ, ಆ ಕಣ್ಣಿನ ತೊಂದರೆ ಸ್ವಲ್ಪ ಕಾಲ ಹೆಚ್ಚಾಗಬಹುದು. ಹಾಗಾಗಿ ಶುರು ಮಾಡುವ ಮೊದಲೇ ಒಂದು ಫೋಟೋ ತೆಗೆಸಿ ಅನ್ನುತ್ತೇನೆ. ತೆಗೆದುಕೊಳ್ಳುತ್ತಿದ್ದರೆ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ.

ಟೈಪ್ 2, ಅಂದರೆ ಹೆಚ್ಚಾಗಿ ದೊಡ್ಡವರಿಗೆ ಬರುವ ಬಗೆಯ ಶುಗರ್ ಆದರೆ, ಗೊತ್ತಾದ ಕೂಡಲೇ ಕಣ್ಣು ತೋರಿಸಿ, ಆಮೇಲೆ ವರ್ಷಕ್ಕೊಮ್ಮೆ. ಡ್ರಾಪ್ಸ್ ಹಾಕಿದ ಮೇಲೆ ಕೆಲವು ಗಂಟೆ ಮಂಜಾಗುತ್ತದೆ, ಬಿಸಿಲು ಚುಚ್ಚುತ್ತದೆ. ಬೈಕ್ ಓಡಿಸಿಕೊಂಡು ಬರಬೇಡಿ, ಜೊತೆಗೆ ಯಾರನ್ನಾದರೂ ಕರೆದುಕೊಂಡು ಬನ್ನಿ. ಶುಗರ್ ರಿಪೋರ್ಟ್ ಹಳೆಯದಾದರೂ ಸರಿ, ತನ್ನಿ.