ಬೇಸಿಗೆಯ ಬಯಲುಸೀಮೆಯಲ್ಲಿ ಮೊಬೈಲ್ ಚಾರ್ಜಿಂಗ್: ಯಾವ ಚಾರ್ಜರ್, ಎಲ್ಲಿ, ಎಷ್ಟರವರೆಗೆ

"67 ವ್ಯಾಟ್ ಚಾರ್ಜರ್ ಹಾಕಿದ್ರೆ ಬ್ಯಾಟರಿ ಬೇಗ ಹೋಗಲ್ವಾ?" ಮೊಬೈಲ್ ಅಂಗಡಿಗಳಲ್ಲಿ ದಿನಾ ಕೇಳಿಬರುವ ಪ್ರಶ್ನೆ. ಮೊಬೈಲು 67 ವ್ಯಾಟಿಗೇ ತಯಾರಾಗಿದ್ದರೆ ಹೆದರಬೇಕಿಲ್ಲ. ಎಷ್ಟು ಕರೆಂಟು ಎಳೆದುಕೊಳ್ಳಬೇಕೆಂದು ತೀರ್ಮಾನಿಸುವುದು ಮೊಬೈಲಿನೊಳಗಿನ ಚಾರ್ಜಿಂಗ್ ಚಿಪ್. 10 ವ್ಯಾಟಿನ ಹಳೇ ಮೊಬೈಲಿಗೆ ಒಳ್ಳೆಯ ಕಂಪನಿಯ 67 ವ್ಯಾಟ್ ಚಾರ್ಜರ್ ಹಾಕಿದರೂ ಅದು ಎಳೆಯುವುದು 10 ವ್ಯಾಟ್ ಮಾತ್ರ. ಬ್ಯಾಟರಿಯ ಆಯಸ್ಸನ್ನು ಹೆಚ್ಚಾಗಿ ತಿನ್ನುವುದು ಕಾವು, ಅದರ ಜೊತೆಗೆ 100 ಪರ್ಸೆಂಟ್ ತುಂಬಿಸಿ ಗಂಟೆಗಟ್ಟಲೆ ಹಾಗೇ ಬಿಡುವ ಅಭ್ಯಾಸ. ಏಪ್ರಿಲ್-ಮೇ ತಿಂಗಳಲ್ಲಿ 38 ಡಿಗ್ರಿ ಮುಟ್ಟುವ ದಾವಣಗೆರೆ, ಚಳ್ಳಕೆರೆ, ಹಿರಿಯೂರು ಕಡೆ ಇವೆರಡೂ ಒಟ್ಟಿಗೇ ಬಂದು ಕೂರುತ್ತವೆ.

ಚಾರ್ಜರ್ ಮೇಲಿನ ಸಣ್ಣಕ್ಷರ

ಡಬ್ಬಿಯ ಮೇಲಿನ ದೊಡ್ಡ ಅಂಕಿ ನಂಬಬೇಡಿ. ಅಡಾಪ್ಟರ್ ಮೈಮೇಲೆ 'ಔಟ್‌ಪುಟ್' ಎಂಬ ಸಾಲಿದೆ, ಅಲ್ಲಿ ವೋಲ್ಟನ್ನೂ ಆಂಪನ್ನೂ ಗುಣಿಸಿ. 5 ವೋಲ್ಟ್, 2 ಆಂಪ್ ಎಂದರೆ 10 ವ್ಯಾಟ್. 9 ವೋಲ್ಟ್, 2 ಆಂಪ್ ಎಂದರೆ 18. 11 ವೋಲ್ಟ್, 6 ಆಂಪ್ ಎಂದರೆ 66. ಎರಡು-ಮೂರು ತೂತಿನ ಚಾರ್ಜರ್ ಆದರೆ ಬರೆದಿರುವ 65 ವ್ಯಾಟ್ ಸಾಮಾನ್ಯವಾಗಿ ಎಲ್ಲ ತೂತುಗಳ ಒಟ್ಟು ಮೊತ್ತ. ಎರಡು ಮೊಬೈಲ್ ಹಾಕಿದ ಕೂಡಲೇ ಅದು ಹಂಚಿಹೋಗುತ್ತದೆ.

ವ್ಯಾಟ್ ಸರಿಯಿದ್ದರೂ ಚಾರ್ಜರ್-ಮೊಬೈಲ್‌ಗಳ ಭಾಷೆ ಹೊಂದಬೇಕು, ಅಂದರೆ ಎಷ್ಟು ವೋಲ್ಟ್, ಎಷ್ಟು ಆಂಪ್ ಎಂದು ಎರಡೂ ಮಾತಾಡಿಕೊಳ್ಳುವ ಪದ್ಧತಿ ಒಂದೇ ಇರಬೇಕು. ಐಫೋನ್, ಪಿಕ್ಸೆಲ್, ಸ್ಯಾಮ್‌ಸಂಗ್ ಮೊಬೈಲ್‌ಗಳು ಯುಎಸ್‌ಬಿ ಪಿಡಿ ಎಂಬ ಪದ್ಧತಿಯವು. ಸ್ಯಾಮ್‌ಸಂಗ್‌ನ 25 ವ್ಯಾಟ್ ವೇಗ ಸಿಗಲು ಚಾರ್ಜರ್‌ನಲ್ಲಿ ಪಿಪಿಎಸ್ (ವೋಲ್ಟೇಜನ್ನು ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಹೊಂದಿಸುವ ಪಿಡಿಯ ಸೌಲಭ್ಯ) ಕೂಡ ಇರಬೇಕು, ಕೊಳ್ಳುವಾಗ ಇದನ್ನು ಕೇಳಿಯೇ ಕೊಳ್ಳಿ. ಒಪ್ಪೋ, ರಿಯಲ್‌ಮಿ, ಒನ್‌ಪ್ಲಸ್‌ನವರದು ತಮ್ಮದೇ ಪದ್ಧತಿ. ಅವಕ್ಕೆ ಬೇರೆ ಚಾರ್ಜರ್ ಹಾಕಿದರೆ ಹಲವು ಮಾಡೆಲ್‌ಗಳು 10ರಿಂದ 18 ವ್ಯಾಟಿಗೆ ಇಳಿದುಬಿಡುತ್ತವೆ. ಇದರಿಂದ ಹಾನಿಯೇನಿಲ್ಲ, ತಡವಾಗುತ್ತದೆ ಅಷ್ಟೆ.

ಕೇಬಲ್ ವಿಷಯದಲ್ಲಿ ಜಿಪುಣತನ ಬೇಡ. ಎರಡೂ ಕಡೆ ಟೈಪ್-ಸಿ ಇರುವ ಸಾಮಾನ್ಯ ಕೇಬಲ್ 3 ಆಂಪ್‌ಗೆ ನಿಲ್ಲುತ್ತದೆ. ಸ್ಯಾಮ್‌ಸಂಗ್‌ನ 45 ವ್ಯಾಟಿನಂಥ ವೇಗಕ್ಕೆ 5 ಆಂಪ್ ಕೇಬಲ್ ಬೇಕು, ಅದರ ತುದಿಯೊಳಗೆ ಗುರುತಿನ ಚಿಪ್ ಇರುತ್ತದೆ. ಬಸ್‌ಸ್ಟ್ಯಾಂಡ್ ಬಳಿ ನೂರು ರೂಪಾಯಿಗೆ ಸಿಗುವ ವೈರಿನಲ್ಲಿ ಅದನ್ನು ನಿರೀಕ್ಷಿಸುವಂತಿಲ್ಲ.

ಇನ್ನೊಂದು ಪರೀಕ್ಷೆ ಎಲ್ಲರೂ ಮಾಡಬಹುದಾದದ್ದು. ಭಾರತದಲ್ಲಿ ಮಾರುವ ಮೊಬೈಲ್ ಚಾರ್ಜರ್ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, 'ಐಎಸ್' ಎಂದು ಶುರುವಾಗುವ ಮಾನದಂಡದ ಸಂಖ್ಯೆ, 'ಆರ್' ಅಕ್ಷರದಿಂದ ಶುರುವಾಗುವ ನೋಂದಣಿ ನಂಬರ್ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ತಯಾರಕರ ಹೆಸರು ಬರುತ್ತದೆ. ಬರದಿದ್ದರೆ ಚಾರ್ಜರ್ ವಾಪಸ್ ಕೊಡಿ. ನಕಲಿ ಚಾರ್ಜರ್‌ನ ನಿಜವಾದ ಅಪಾಯ ವೇಗದ್ದಲ್ಲ. 230 ವೋಲ್ಟ್ ಭಾಗಕ್ಕೂ ಮೊಬೈಲ್ ಭಾಗಕ್ಕೂ ನಡುವಿನ ಇನ್ಸುಲೇಷನ್ ತೆಳುವಾಗಿರುತ್ತದೆ, ಅದು ಕೈಕೊಟ್ಟರೆ ಮೊಬೈಲ್ ಮುಟ್ಟಿದವರಿಗೆ ಶಾಕ್.

ಕಾವು ಎಲ್ಲಿಂದ ಬರುತ್ತದೆ

5000 ಎಂಎಎಚ್ ಬ್ಯಾಟರಿ ಸೊನ್ನೆಯಿಂದ ತುಂಬಲು 10 ವ್ಯಾಟಿನಲ್ಲಿ ಸುಮಾರು ಎರಡೂವರೆಯಿಂದ ಮೂರು ಗಂಟೆ ಬೇಕು, 33 ವ್ಯಾಟಿನಲ್ಲಿ ಒಂದು ಗಂಟೆಯ ಆಚೀಚೆ, 67 ವ್ಯಾಟಿನಲ್ಲಿ ಮುಕ್ಕಾಲು ಗಂಟೆ. ಆದರೆ ಪೂರ್ತಿ ವೇಗ ಕೊನೆಯವರೆಗೂ ಇರುವುದಿಲ್ಲ. ಖಾಲಿ ಬ್ಯಾಟರಿ ಅರ್ಧದವರೆಗೆ ಜೋರಾಗಿ ತುಂಬುತ್ತದೆ, 80 ದಾಟಿದ ಮೇಲೆ ಚಿಪ್ ತಾನೇ ಕರೆಂಟು ಇಳಿಸುತ್ತ ಹೋಗುತ್ತದೆ. ಬಸ್ಸಿಗೆ ಹೊರಡುವ ಮುಂಚೆ ಇಪ್ಪತ್ತು ನಿಮಿಷವಷ್ಟೇ ಸಿಕ್ಕರೆ, 20ರಿಂದ 60ಕ್ಕೆ ಏರಿಸುವುದು ಸುಲಭ. ಅದೇ ಇಪ್ಪತ್ತು ನಿಮಿಷದಲ್ಲಿ 85ರಿಂದ 100 ಮುಟ್ಟಿಸಲು ಹೋದರೆ ಸಾಲದೇ ಹೋಗಬಹುದು.

ವೈರಿನಲ್ಲೂ ಬ್ಯಾಟರಿಯಲ್ಲೂ ಹರಿಯುವ ಕರೆಂಟು ಎರಡು ಪಟ್ಟಾದರೆ ಅಲ್ಲಿ ಹುಟ್ಟುವ ಕಾವು ನಾಲ್ಕು ಪಟ್ಟಾಗುತ್ತದೆ. ಅದಕ್ಕೇ 65 ವ್ಯಾಟಿನ ಮೇಲಿನ ಎಷ್ಟೋ ಮೊಬೈಲ್‌ಗಳಲ್ಲಿ ಬ್ಯಾಟರಿಯನ್ನು ಎರಡು ಸೆಲ್ ಮಾಡಿ ಸಾಲಾಗಿ ಜೋಡಿಸಿರುತ್ತಾರೆ, ಒಂದೊಂದರಲ್ಲಿ ಹರಿಯುವ ಕರೆಂಟು ಅರ್ಧಕ್ಕಿಳಿಯುತ್ತದೆ. ಹೊರಗಿನ ಬಿಸಿಗೆ ಮಾತ್ರ ಈ ಜಾಣತನ ನಾಟುವುದಿಲ್ಲ. ಬ್ಯಾಟರಿಯ ಉಷ್ಣತೆ 40ರಿಂದ 45 ಡಿಗ್ರಿಯ ಹತ್ತಿರ ಹೋದರೆ ಹೆಚ್ಚಿನ ಮೊಬೈಲ್‌ಗಳು ವೇಗ ತಗ್ಗಿಸುತ್ತವೆ, ಐಫೋನ್ ಬಿಸಿಯಾದಾಗ 80ಕ್ಕೇ ನಿಂತುಬಿಡುವುದೂ ಉಂಟು. ಆಗ "ಚಾರ್ಜರ್ ಕೆಟ್ಟಿದೆ" ಎಂದು ಹೊಸದು ಕೊಳ್ಳಲು ಹೋಗಬೇಡಿ, ಮೊಬೈಲನ್ನು ತಂಪಿಗೆ ತನ್ನಿ.

ತಗಡಿನ ಸೂರಿನ ಮನೆಯಲ್ಲಿ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಫಾಸ್ಟ್ ಚಾರ್ಜಿಂಗ್ ತಪ್ಪಿಸಿ. ಬೆಳಗಿನ ಜಾವ ಅಥವಾ ರಾತ್ರಿ ಊಟದ ಹೊತ್ತು ಒಳ್ಳೆಯದು. ಕವರ್ ತೆಗೆದು, ಕಡಪ ಕಲ್ಲಿನ ಮೇಲೋ ಬರೀ ನೆಲದ ಮೇಲೋ ಮಲಗಿಸಿ. ಹಾಸಿಗೆ, ದಿಂಬಿನಡಿ ಬೇಡ. ದೋಸೆ ಹೋಟೆಲಿನ ಕಾವಲಿ ಪಕ್ಕ, ಮಂಡಕ್ಕಿ ಭಟ್ಟಿ ಹತ್ತಿರ, ಟ್ರ್ಯಾಕ್ಟರ್ ಬಾನೆಟ್ ಮೇಲೆ ಇಟ್ಟು ಚಾರ್ಜ್ ಮಾಡುವುದು ಬ್ಯಾಟರಿಯನ್ನು ಬೇಯಿಸಿದ ಹಾಗೆ. ಚಾರ್ಜಿಗೆ ಹಾಕಿಕೊಂಡೇ ಗೇಮ್ ಆಡಿದರೆ ಎರಡು ಕಡೆಯ ಕಾವು ಸೇರುತ್ತದೆ. ಬಿಸಿಯಾಯಿತೆಂದು ಫ್ರಿಜ್‌ನಲ್ಲಿಡಲೂಬೇಡಿ, ಒಳಗೆ ನೀರು ಕಟ್ಟುತ್ತದೆ.

ರಾತ್ರಿಯಿಡೀ ಚಾರ್ಜಿಗೆ ಹಾಕುವವರು ಸೆಟ್ಟಿಂಗ್ಸ್‌ನ ಬ್ಯಾಟರಿ ಭಾಗದಲ್ಲಿ 'ಬ್ಯಾಟರಿ ಪ್ರೊಟೆಕ್ಷನ್', 'ಆಪ್ಟಿಮೈಸ್ಡ್ ಚಾರ್ಜಿಂಗ್' ಅಥವಾ 'ಅಡಾಪ್ಟಿವ್ ಚಾರ್ಜಿಂಗ್' ಹುಡುಕಿ ಆನ್ ಮಾಡಿ. ಮಿತಿಯನ್ನು 80ಕ್ಕೆ ಕಟ್ಟುವ ಸೌಲಭ್ಯ ಐಫೋನ್ 15ರಿಂದ ಈಚಿನವುಗಳಲ್ಲಿದೆ, ಸ್ಯಾಮ್‌ಸಂಗ್, ಪಿಕ್ಸೆಲ್‌ಗಳ ಈಚಿನ ಮಾಡೆಲ್‌ಗಳಲ್ಲೂ ಇದೆ. ದಿನವಿಡೀ ಹೊಲದಲ್ಲಿರಬೇಕಾದ ದಿನ 100 ತುಂಬಿಸಿಕೊಳ್ಳಿ, ಒಂದು ದಿನಕ್ಕೆ ಏನೂ ಆಗದು. ತಿಂಗಳುಗಟ್ಟಲೆ ಬಳಸದೆ ಇಡುವ ಮೊಬೈಲನ್ನು ಅರ್ಧ ಚಾರ್ಜಿನಲ್ಲಿ ಆಫ್ ಮಾಡಿಡಿ.

ಪಂಪ್‌ಸೆಟ್ ಮನೆಯಲ್ಲಿ

ಸ್ಟಾರ್ಟರ್ ಡಬ್ಬಿಯಿಂದ ಎರಡು ಫೇಸ್ ಎಳೆದು ಮೊಬೈಲಿಗೆ ಹಾಕಬೇಡಿ. ಎರಡು ಫೇಸ್ ನಡುವೆ 400 ವೋಲ್ಟಿನ ಮೇಲಿರುತ್ತದೆ, ಚಾರ್ಜರ್ ತಾಳುವುದು 100ರಿಂದ 240 ವೋಲ್ಟ್. ಒಂದು ಫೇಸ್ ಮತ್ತು ಅರ್ಥಿಂಗ್ ಹಿಡಿದು ಮಾಡುವ ಉಪಾಯ ಇನ್ನೂ ಕೆಟ್ಟದ್ದು, ಅರ್ಥಿಂಗ್ ಸಡಿಲವಿದ್ದರೆ ಮೋಟರಿನ ಮೈಗೇ ಕರೆಂಟು ಬರುತ್ತದೆ. ಮನೆಯಲ್ಲಿ ತುಂಬಿಸಿದ ಪವರ್ ಬ್ಯಾಂಕ್ ಒಯ್ಯಿರಿ. 10,000 ಎಂಎಎಚ್‌ನದು 5000 ಎಂಎಎಚ್ ಮೊಬೈಲನ್ನು ಎರಡು ಸಲ ತುಂಬುವುದಿಲ್ಲ, ವೋಲ್ಟೇಜ್ ಏರಿಸುವಲ್ಲಿ ಒಂದಷ್ಟು ಸೋರಿ ಒಂದು ಸಲ ಪೂರ್ತಿ, ಮೇಲೆ ಸ್ವಲ್ಪ ಸಿಗುತ್ತದೆ. ವೋಲ್ಟೇಜ್ ಕಡಿಮೆ ಇರುವ ಹಳ್ಳಿಗಳಲ್ಲಿ ಬಲ್ಬು ಮಂಕಾದರೂ ಒಳ್ಳೆಯ ಚಾರ್ಜರ್‌ಗೆ ತೊಂದರೆಯಿಲ್ಲ. ಮನೆಯ ಲೈನಿನಲ್ಲಿ ನ್ಯೂಟ್ರಲ್ ಕಡಿದು ಬಲ್ಬುಗಳು ಕಣ್ಣು ಕುಕ್ಕುವಂತೆ ಉರಿದರೆ ಮಾತ್ರ ಮೇನ್ ಸ್ವಿಚ್ ಆಫ್ ಮಾಡಿ, ಬೆಸ್ಕಾಂಗೆ ತಿಳಿಸಿ.

ಚಾರ್ಜ್ ನಿಧಾನವಾದರೆ

ಮೊದಲು ಕೇಬಲ್ ಬದಲಿಸಿ ನೋಡಿ, ಆಮೇಲೆ ಅಡಾಪ್ಟರ್. ಎರಡೂ ಸರಿಯಿದ್ದರೆ ತೂತಿನೊಳಗೆ ಟಾರ್ಚ್ ಬಿಡಿ. ಮೆಕ್ಕೆಜೋಳ ಒಕ್ಕುವ ಕಾಲದ ಧೂಳು, ಜೇಬಿನ ಹಿಂಜು ಸೇರಿ ತಳದಲ್ಲಿ ಗಟ್ಟಿಯಾಗಿ ಕೂತಿರುತ್ತವೆ, ಪಿನ್ ಪೂರ್ತಿ ಒಳಹೋಗುವುದಿಲ್ಲ. ಮೊಬೈಲ್ ಆಫ್ ಮಾಡಿ, ಮರದ ಹಲ್ಲುಕಡ್ಡಿಯಿಂದ ಗೋಡೆಯ ಪಕ್ಕದಲ್ಲಿ ಮೆಲ್ಲಗೆ ಕೆರೆದು ತೆಗೆಯಿರಿ. ನಡುವಿನ ನಾಲಿಗೆ ಮುಟ್ಟಬೇಡಿ, ಸೂಜಿ ಹಾಕಲೇಬೇಡಿ. "ಚಾರ್ಜಿಂಗ್ ಪಿನ್ ಹೋಗಿದೆ" ಎಂದು ರಿಪೇರಿಗೆ ಬರುವ ಎಷ್ಟೋ ಮೊಬೈಲ್‌ಗಳಿಗೆ ಬೇಕಾದದ್ದು ಇಷ್ಟೇ.

ಹಿಂಬದಿ ಉಬ್ಬಿದ್ದರೆ, ಸ್ಕ್ರೀನ್ ಅಂಚು ಮೇಲೆದ್ದಿದ್ದರೆ ಅದು ಬ್ಯಾಟರಿ ಊದಿದ ಲಕ್ಷಣ. ಮತ್ತೆ ಚಾರ್ಜಿಗೆ ಹಾಕದೆ ಆಫ್ ಮಾಡಿ, ಒತ್ತಿ ಕೂರಿಸಲು ಹೋಗದೆ, ಉರಿಯುವ ಸಾಮಾನಿಲ್ಲದ ಕಡೆ ಸಿಮೆಂಟ್ ನೆಲದ ಮೇಲಿಟ್ಟು ಸರ್ವಿಸ್ ಸೆಂಟರ್‌ಗೆ ಒಯ್ಯಿರಿ. ತೆಗೆದ ಹಳೇ ಬ್ಯಾಟರಿಯ ತುದಿಗಳಿಗೆ ಇನ್ಸುಲೇಷನ್ ಟೇಪ್ ಸುತ್ತಿ ಅಲ್ಲೇ ಕೊಟ್ಟುಬನ್ನಿ. ಕಸದ ಗಾಡಿಗೆ ಹಾಕಿದರೆ ಒಳಗೆ ಜಜ್ಜಿಹೋಗಿ ಹೊತ್ತಿಕೊಳ್ಳಬಹುದು.