ಎರಡೂವರೆ ಇಂಚಿನ ಮರಿಯಾಗಿ ಬಂದ ಟ್ರಿಗರ್ ಮೀನು: ನನ್ನ ಅನುಭವ

2016ರ ದಸರಾ ರಜೆಯಲ್ಲಿ ಕ್ಲೌನ್ ಟ್ರಿಗರ್ ಮರಿಯೊಂದನ್ನು ಮನೆಗೆ ತಂದೆ. ಆಗ ಅದರ ಉದ್ದ ಎರಡೂವರೆ ಇಂಚು. ಕಪ್ಪು ಮೈ ತುಂಬ ಬಿಳಿ ಬೊಟ್ಟು, ಬಾಯಿಯ ಸುತ್ತ ಕಿತ್ತಳೆ ಬಣ್ಣ. ಅಂಗಡಿಯವರು, "ಸರ್, ನಾಲ್ಕಡಿ ಟ್ಯಾಂಕಲ್ಲಿ ಆರಾಮಾಗಿರುತ್ತೆ. ಟ್ಯಾಂಕ್ ಎಷ್ಟಿದ್ಯೋ ಅಷ್ಟೇ ಬೆಳೆಯೋದು" ಅಂದರು. ನಾನು ಹೊಸಬನೇನಲ್ಲ. ಅಷ್ಟು ಹೊತ್ತಿಗೆ ಬೆಂಗಳೂರಿನ ಮನೆಯಲ್ಲಿ ನಾಲ್ಕು ವರ್ಷದಿಂದ ಉಪ್ಪುನೀರಿನ ಟ್ಯಾಂಕ್ ಇಟ್ಟಿದ್ದೆ. ಕ್ಲೌನ್ ಮೀನು, ಡ್ಯಾಮ್ಸೆಲ್ ತರಹದ ಸಣ್ಣ ಮೀನು ಸಾಕಿ ಪಳಗಿದ್ದೆ. ಆದರೂ ಆ ಮಾತನ್ನು ನಂಬಿದೆ. ಮರಿ ಅಷ್ಟು ಚೆನ್ನಾಗಿತ್ತು, ನಂಬುವ ಮನಸ್ಸೂ ಇತ್ತು.

ಈ ಮಾತು ಇವತ್ತಿಗೂ ಅಂಗಡಿಗಳಲ್ಲಿ ಕೇಳಿಬರುತ್ತದೆ. ಅದು ಸುಳ್ಳು. ಮೀನು ಗಾಜಿನ ಅಳತೆ ನೋಡಿಕೊಂಡು ಬೆಳೆಯುವುದಿಲ್ಲ. ಇಕ್ಕಟ್ಟಿನಲ್ಲಿ, ಕೆಟ್ಟ ನೀರಿನಲ್ಲಿ ಬೆಳವಣಿಗೆ ಕುಂಠಿತವಾದರೆ ಅದು ಹೊಂದಿಕೊಂಡಿದೆ ಎಂದಲ್ಲ, ನರಳುತ್ತಿದೆ ಎಂದು. ಕ್ಲೌನ್ ಟ್ರಿಗರ್ ಸಮುದ್ರದಲ್ಲಿ ಅರ್ಧ ಮೀಟರ್‌ವರೆಗೆ ಬೆಳೆಯುವ ಮೀನು.

ಮೊದಲ ಎರಡು ವರ್ಷ ಏನೂ ತೊಂದರೆ ಇರಲಿಲ್ಲ. ಸಿಗಡಿ ಚೂರು ಹಿಡಿದರೆ ಬೆರಳ ಹತ್ತಿರ ಬಂದು ತಿನ್ನುತ್ತಿತ್ತು. ನಾನು ಕೋಣೆಗೆ ಬಂದರೆ ಗಾಜಿಗೆ ಬರುತ್ತಿತ್ತು, ಬೇರೆಯವರು ಬಂದರೆ ಕಲ್ಲಿನ ಹಿಂದೆ ಹೋಗುತ್ತಿತ್ತು. ಆರು ಇಂಚು ದಾಟಿದ ಮೇಲೆ ಅದರ ವರಸೆಯೇ ಬದಲಾಯಿತು. ಮೊದಲು ಹೋದದ್ದು ಹೀಟರ್‌ನ ವೈರು. ಆಮೇಲೆ ರಾತ್ರಿ ಕಟ್, ಕಟ್ ಎಂದು ಕಲ್ಲು ಕಡಿಯುವ ಸದ್ದು ಹಾಲಿನವರೆಗೂ ಕೇಳತೊಡಗಿತು. ಒಂದು ಬೆಳಿಗ್ಗೆ ಲೈಟ್ ಹಾಕಿ ನೋಡಿದರೆ, ಮೂರು ವರ್ಷ ಜತೆಗಿದ್ದ ಸೆಮಿಸರ್ಕಲ್ ಏಂಜೆಲ್ ಮೀನು ಮೂಲೆಯಲ್ಲಿ ವಾಲಿಕೊಂಡಿತ್ತು. ಬಾಲದ ರೆಕ್ಕೆ ಬುಡದವರೆಗೆ ಇಲ್ಲ. ಒಂದು ಕಣ್ಣೂ ಇಲ್ಲ. ಇನ್ನೂ ಉಸಿರಾಡುತ್ತಿತ್ತು. ಅದನ್ನು ಬೇರೆ ಬಕೆಟ್ಟಿಗೆ ಹಾಕಿ ಏರ್ ಪಂಪ್ ಇಟ್ಟು ಮಧ್ಯಾಹ್ನದವರೆಗೆ ಪಕ್ಕದಲ್ಲೇ ಕೂತಿದ್ದೆ. ಉಳಿಯಲಿಲ್ಲ.

ಆ ದಿನ ಟ್ರಿಗರ್ ಮೇಲೆ ಸಿಟ್ಟು ಬಂದದ್ದು ನಿಜ. ಆದರೆ ಅದರ ಬಗ್ಗೆ ಓದುತ್ತಾ ಹೋದಂತೆ ತಪ್ಪು ಯಾರದೆಂದು ಗೊತ್ತಾಯಿತು. ಈ ಮೀನು ಹವಳದ ದಿಬ್ಬದಲ್ಲಿ ಒಂಟಿಯಾಗಿ ತಿರುಗುತ್ತದೆ. ಅಲ್ಲಿ ಅದರ ತುತ್ತು ಏಡಿ, ಚಿಪ್ಪುಮೀನು, ಮುಳ್ಳು ತುಂಬಿದ ಸಮುದ್ರ ಕಂಟಕಿ (ಸೀ ಅರ್ಚಿನ್). ಬಾಯಿಂದ ನೀರು ಊದಿ ಮರಳು ಸರಿಸಿ ಅಡಗಿದ್ದನ್ನು ಹುಡುಕುತ್ತದೆ. ದವಡೆ ಇರುವುದೇ ಚಿಪ್ಪು ಒಡೆಯುವುದಕ್ಕೆ. ನಾಲ್ಕಡಿ ಗಾಜಿನ ಪೆಟ್ಟಿಗೆಯಲ್ಲಿ ಆ ದವಡೆಗೆ ಸಿಗುವುದು ವೈರು, ಕಲ್ಲು, ತಪ್ಪಿಸಿಕೊಳ್ಳಲು ಜಾಗವಿಲ್ಲದ ಇನ್ನೊಂದು ಮೀನು. ಸಮುದ್ರದಲ್ಲಾಗಿದ್ದರೆ ಏಂಜೆಲ್ ಎರಡು ಸಲ ಬಾಲ ಬೀಸಿ ದೂರ ಹೋಗುತ್ತಿತ್ತು, ವಿಷಯ ಅಲ್ಲಿಗೇ ಮುಗಿಯುತ್ತಿತ್ತು.

ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಹೊಸ ಟ್ಯಾಂಕ್ ಮಾಡಿಸಿದೆ. ಬಾಯಿಮಟ್ಟ ತುಂಬಿದರೆ 680 ಲೀಟರ್. ನೀರೇ 680 ಕೇಜಿಗೂ ಮೇಲೆ, ಅದರ ಮೇಲೆ ಗಾಜು, ಕಲ್ಲು, ಸ್ಟ್ಯಾಂಡು. ನೆಲಮಹಡಿಯ ಮನೆಯಾದ್ದರಿಂದ ಬದುಕಿದೆ. ಮೇಲಿನ ಮಹಡಿಯವರು ಇಂಜಿನಿಯರ್ ಒಬ್ಬರನ್ನು ಕೇಳದೆ ಇಂಥ ಕೆಲಸಕ್ಕೆ ಕೈ ಹಾಕಬೇಡಿ.

ಮೀನನ್ನು ಹಳೆಯ ಟ್ಯಾಂಕಿನಿಂದ ಹೊಸದಕ್ಕೆ ಸಾಗಿಸಿದ ದಿನವನ್ನು ಮರೆಯಲಾರೆ. ಬಲೆ ನೋಡಿದ ಕೂಡಲೇ ಅದು ಪಿವಿಸಿ ಪೈಪಿನೊಳಗೆ ನುಗ್ಗಿ ಬೆನ್ನಿನ ಮುಳ್ಳೆತ್ತಿತು. ಟ್ರಿಗರ್ ಎಂಬ ಹೆಸರು ಬಂದಿರುವುದೇ ಇದರಿಂದ. ಬೆನ್ನ ಮೇಲಿನ ಮೊದಲ ಮುಳ್ಳು ದಪ್ಪ. ಅದು ನೆಟ್ಟಗೆ ನಿಂತರೆ ಹಿಂದಿನ ಸಣ್ಣ ಮುಳ್ಳು ಅಗುಳಿ ಹಾಕಿದಂತೆ ಅದನ್ನು ಹಿಡಿದಿಡುತ್ತದೆ. ಆ ಸಣ್ಣ ಮುಳ್ಳನ್ನು ಬಂದೂಕಿನ ಟ್ರಿಗರಿನಂತೆ ಒತ್ತಿದರೆ ಮಾತ್ರ ದೊಡ್ಡದು ಮಡಚಿಕೊಳ್ಳುತ್ತದೆ. ಸಮುದ್ರದಲ್ಲೂ ಅದು ಕಲ್ಲಿನ ಸಂದಿಯಲ್ಲಿ ಹೀಗೆಯೇ ಸಿಕ್ಕಿಸಿಕೊಂಡು ಮಲಗುವುದು. ಪೈಪಿನೊಳಗಿಂದ ಗೊರಗೊರ ಸದ್ದು ಬರುತ್ತಿತ್ತು, ಕೈಗೆ ಅದರ ಅದುರು ತಟ್ಟುತ್ತಿತ್ತು. ಎಳೆದರೆ ಗಾಯವಾಗುತ್ತದೆಂದು ಪೈಪಿನ ಸಮೇತ ಎತ್ತಿ ಹೊಸ ನೀರಿಗೆ ಇಳಿಸಿದೆ. ಮೂರು ಗಂಟೆ ಹೊರಗೆ ಬರಲಿಲ್ಲ. ಆ ಪೈಪು ಈಗಲೂ ಅದರ ಮನೆ.

ಜಾಗ ದೊಡ್ಡದಾದರೆ ಕಷ್ಟ ಮುಗಿಯಿತು ಎಂದುಕೊಂಡಿದ್ದೆ. ಆಮೇಲೆ ಶುರುವಾಯಿತು ನೀರಿನ ಕೆಲಸ. ಹೊಟ್ಟೆತುಂಬ ಮಾಂಸ ತಿನ್ನುವ ದೊಡ್ಡ ಮೀನು ಅಷ್ಟೇ ಗಲೀಜನ್ನೂ ಮಾಡುತ್ತದೆ. ಪಿಎಚ್ 7ರ ಸಿಹಿನೀರಿಗೆ ಹೋಲಿಸಿದರೆ 8.2ರ ಉಪ್ಪುನೀರಿನಲ್ಲಿ, ಆ ಗಲೀಜಿನಿಂದ ಹುಟ್ಟುವ ಅಮೋನಿಯಾದ ವಿಷಕಾರಿ ಪಾಲು ಹತ್ತು ಪಟ್ಟಿಗೂ ಹೆಚ್ಚು. ಗೋಲ್ಡ್ ಫಿಶ್ ಸಾಕಿದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಎರಡು ವಾರಕ್ಕೊಮ್ಮೆ ಐದರಲ್ಲಿ ಒಂದು ಪಾಲು ನೀರು ಬದಲಿಸುತ್ತೇನೆ. ಆರ್‌ಓ ನೀರಿಗೆ ಲೀಟರಿಗೆ 35 ಗ್ರಾಂ ಉಪ್ಪಿನಂತೆ ಪ್ರತಿ ಸಲ ಸುಮಾರು ನಾಲ್ಕೂವರೆ ಕೇಜಿ ಮರೈನ್ ಸಾಲ್ಟ್ ಬೇಕು. ನೊರೆ ಎಬ್ಬಿಸಿ ಗಲೀಜು ತೆಗೆಯುವ ಸ್ಕಿಮ್ಮರ್‌ನ ಕಪ್ಪು ರೊಚ್ಚು ಮೂರು ದಿನಕ್ಕೊಮ್ಮೆ ಚೆಲ್ಲಬೇಕು. ಕರೆಂಟ್ ಹೋದರೆ ಎದೆ ಡವಗುಟ್ಟುತ್ತದೆ, ಯಾಕೆಂದರೆ ಉಪ್ಪುನೀರು ಹಿಡಿದಿಡುವ ಆಮ್ಲಜನಕವೇ ಕಡಿಮೆ. ಅದಕ್ಕೆಂದೇ ಬ್ಯಾಟರಿಯ ಏರ್ ಪಂಪ್ ಎರಡಿಟ್ಟಿದ್ದೇನೆ. ವೈರುಗಳನ್ನೆಲ್ಲ ಕೆಳಗಿನ ಫಿಲ್ಟರ್ ಟ್ಯಾಂಕಿಗೆ ಇಳಿಸಿದ್ದೇನೆ. ಒಳಗೆ ಬರಿಗೈ ಹಾಕುವುದಿಲ್ಲ. ಒಮ್ಮೆ ಹಾಕಿ ಉಂಗುರದ ಬೆರಳಿಗೆ ಹೊಲಿಗೆ ಹಾಕಿಸಿಕೊಂಡಿದ್ದೇನೆ.

ನನ್ನ ಹೆಂಡತಿಯ ಚಿಕ್ಕಪ್ಪ ಮಲ್ಪೆಯವರು, ಬೋಟಿನಲ್ಲಿ ದುಡಿದವರು. ಒಮ್ಮೆ ಬಂದರಿಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಬುಟ್ಟಿಗಟ್ಟಲೆ ನೀಲಿ-ಕಪ್ಪು ಮೀನು ಸುರಿದಿದ್ದರು, ಹಲ್ಲು ಕೆಂಪು. ಕರಾವಳಿಯಲ್ಲಿ ಕಾರ್ಗಿಲ್ ಮೀನು ಎನ್ನುತ್ತಾರೆ. ಅದೂ ಟ್ರಿಗರ್ ಜಾತಿಯದ್ದೇ, ನಮ್ಮ ಅಂಗಡಿಗಳಲ್ಲಿ ನೈಜರ್ ಟ್ರಿಗರ್ ಎಂದು ಮಾರುತ್ತಾರೆ. ನಾನು ಸಾಕಿರುವುದು ಇದರ ಸಂಬಂಧಿ ಎಂದಾಗ ಚಿಕ್ಕಪ್ಪ ನನ್ನ ಮುಖ ನೋಡಿದರು. "ಇದನ್ನಾ ನೀವು ಸಾಕುವುದು? ಇದರ ಬಾಯಿಗೆ ಬೊಂಡಾಸೂ (ಸ್ಕ್ವಿಡ್) ಒಂದೇ, ಬಲೆಯೂ ಒಂದೇ. ಇದಕ್ಕೆ ಓಡಾಡ್ಲಿಕ್ಕೆ ಸಮುದ್ರ ಬೇಕು ಮಾರಾಯ್ರೆ." ಹೆಚ್ಚೇನೂ ಹೇಳಲಿಲ್ಲ.

ವಾಪಸ್ ಬಂದ ಮೇಲೆ ಅದಕ್ಕೊಂದು ದೊಡ್ಡ ಜಾಗ ಹುಡುಕಿದೆ. ಅಂಗಡಿಯವರು ಬೇಡ ಎಂದರು. ಸಾರ್ವಜನಿಕ ಅಕ್ವೇರಿಯಂ ಒಂದಕ್ಕೆ ಫೋನ್ ಮಾಡಿದೆ, ಜಾಗವಿಲ್ಲ ಎಂದರು. ಸಮುದ್ರಕ್ಕೇ ಬಿಡಬಹುದಲ್ಲ ಎಂದು ಎಷ್ಟೋ ಜನ ಕೇಳುತ್ತಾರೆ. ಬಿಡಕೂಡದು. ಎಲ್ಲಿಂದ ಬಂದ ಮೀನೋ, ಟ್ಯಾಂಕಿನಲ್ಲಿ ಯಾವ ರೋಗ ಅಂಟಿಸಿಕೊಂಡಿದೆಯೋ. ನಮ್ಮ ಕಡಲಿನ ಸಿಂಹಮೀನು 1985ರಲ್ಲಿ ಅಮೆರಿಕದ ಫ್ಲೋರಿಡಾ ತೀರದಲ್ಲಿ ಕಾಣಿಸಿಕೊಂಡಿತು. ಸಾಕಿದವರು ಬಿಟ್ಟದ್ದರಿಂದ ಅಲ್ಲಿಗೆ ಸೇರಿತೆಂದೇ ತಜ್ಞರ ಅಭಿಪ್ರಾಯ. ಈಗ ಕೆರಿಬಿಯನ್ ತುಂಬ ಹರಡಿ ಅಲ್ಲಿನ ಸಣ್ಣ ಮೀನುಗಳನ್ನು ತಿಂದುಹಾಕುತ್ತಿದೆ.

ಹಾಗಾಗಿ ಯಾರಾದರೂ ಕೇಳಿದರೆ ನೇರವಾಗಿ ಹೇಳುತ್ತೇನೆ: ದೊಡ್ಡ ಟ್ರಿಗರ್, ಮೊರೆ ಹಾವುಮೀನು, ಗ್ರೂಪರ್, ಇವು ಮನೆಗೆ ಬೇಡ. ಹಳದಿ-ಕಪ್ಪು ಪಟ್ಟೆಯ ಮುದ್ದಾದ ಬಂಬಲ್‌ಬೀ ಗ್ರೂಪರ್ ಮರಿಯಂತೂ ಬೇಡವೇ ಬೇಡ. ಅದು ಎರಡೂವರೆ ಮೀಟರ್ ದಾಟುವ ದೈತ್ಯ ಗ್ರೂಪರ್‌ನ ಕೂಸು. 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿದ ಮೀನು. ಜಗಳಗಂಟ ಮೀನೇ ಇಷ್ಟವೆಂದರೆ ಬೆರಳುದ್ದದ ವ್ಯಾಲೆಂಟಿನಿ ಪಫರ್ ಇದೆ, ಗೇಣುದ್ದ ಮೀರದ ಡ್ವಾರ್ಫ್ ಲಯನ್‌ಫಿಶ್ ಇದೆ. ಲಯನ್‌ಫಿಶ್ ಮುಳ್ಳಿನ ವಿಷದ ಬಗ್ಗೆ ಎಚ್ಚರವಿದ್ದರೆ ಸಾಕು. ಇವೂ ಕಾಡುತ್ತವೆ, ಆದರೆ ಇವುಗಳ ಪೂರ್ಣ ಅಳತೆಗೆ ಮನೆಯ ಟ್ಯಾಂಕ್ ಸಾಲುತ್ತದೆ.

ನನ್ನ ಮೀನು ಈಗ ಹನ್ನೊಂದು ಇಂಚು. ಅದು ಬದುಕಿರುವವರೆಗೂ ನನ್ನದೇ ಜವಾಬ್ದಾರಿ. ವಾರಕ್ಕೆರಡು ಸಲ ಚಿಪ್ಪಿನ ಸಮೇತ ಕಪ್ಪೆಚಿಪ್ಪು ಕೊಡುತ್ತೇನೆ, ಹಲ್ಲು ಸವೆಯುತ್ತದೆ, ಒಡೆಯುವ ಕೆಲಸವೂ ಸಿಗುತ್ತದೆ. ಹೋದ ತಿಂಗಳು ಪಕ್ಕದ ಬೀದಿಯ ಹುಡುಗನೊಬ್ಬ ಇದನ್ನು ನೋಡಿ, "ಅಂಕಲ್, ನಾನೂ ಒಂದು ಮರಿ ತರ್ತೀನಿ" ಎಂದ. ಊಟ ಹಾಕುವ ಹೊತ್ತಿಗೆ ಮುಂಚೆ ಟ್ಯಾಂಕಿನ ಮುಂದೆ ಕೂರಿಸಿ, ಒಂದು ನಿಮಿಷದಲ್ಲಿ ಅದು ಎಷ್ಟು ಸಲ ಗಾಜು ಮುಟ್ಟಿ ಹಿಂದಿರುಗುತ್ತದೆ ಎಣಿಸು ಅಂದೆ. ಮೊಬೈಲ್‌ನಲ್ಲಿ ಟೈಮರ್ ಇಟ್ಟುಕೊಂಡು ಎಣಿಸಿದ. ಹದಿನಾಲ್ಕು ಸಲ. ಟೈಮರ್ ನಿಂತ ಮೇಲೂ ಎಣಿಸುತ್ತಲೇ ಕೂತಿದ್ದ.